ಮೆಹರಾಬಿನ ಎಡಗಡೆ ಪಟ್ಟಿ

ನಮ್ಮೂರ ಹಳೇ ಮಸೀದಿಯ ಒಳಗೆ ನಾನು ಮೊದಲ ಸಲ ಕಾಲಿಟ್ಟದ್ದು ನಮ್ಮನೆಯವರು ತೀರಿಕೊಂಡ ಮೇಲೆ, ಕೈಯಲ್ಲಿ ಒಂದು ಬೋಗುಣಿ ನೀರು ಹಿಡಿದುಕೊಂಡು. ಮದುವೆಯಾಗಿ ಬಂದು ಇಪ್ಪತ್ತೆರಡು ವರ್ಷ ಆಗಿತ್ತು. ನಮ್ಮ ಕಡೆ ಹೆಂಗಸರು ಮಸೀದಿಯೊಳಗೆ ಹೋಗುವ ರೂಢಿ ಇಲ್ಲ. ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಹೊರಗಿನವರು ನೋಡುವಷ್ಟೇ ನಾನೂ ನೋಡಿದ್ದೆ: ಇಳಿಜಾರು ಹೆಂಚಿನ ಮಾಡು, ಮರದ ಕಂಬದ ಜಗಲಿ, ಕೆಂಪು ಮುರಕಲ್ಲಿನ ಗೋಡೆ. ಗುಮ್ಮಟ ಇಲ್ಲ, ಮಿನಾರು ಇಲ್ಲ. ಹೊಸಬರು ಯಾರದೋ ಹಳೇ ಚೌಕಿಮನೆ ಅಂದುಕೊಂಡು ಮುಂದೆ ಹೋಗುತ್ತಾರೆ.

ನಮ್ಮನೆಯವರು ಗಾರೆ ಕೆಲಸದವರು. ಕೋಣಂದೂರು, ತೀರ್ಥಹಳ್ಳಿ ಅಂತ ದಿನಾ ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಕೆಲಸಕ್ಕೆ ಹೋಗುತ್ತಿದ್ದರು. ಪ್ರತಿ ವರ್ಷ ರಂಜಾನಿಗೆ ಮೊದಲು ಮಸೀದಿಗೆ ಸುಣ್ಣ ಹೊಡೆಯುವುದು ಮಾತ್ರ ಅವರ ಸೇವೆ. ಸುಣ್ಣ ಬಟ್ಟೆಗೆ ಅಂಟಬಾರದು ಅಂತ ಅದಕ್ಕೆ ಅಕ್ಕಿ ಗಂಜಿ ಬೆರೆಸುತ್ತಾರೆ. ಆ ಗಂಜಿ ಕಾಯಿಸಿ, ಸೋಸಿ, ಬಕೆಟ್ಟಿಗೆ ತುಂಬಿ ಕೊಡುವುದು ನನ್ನ ಕೆಲಸ. ಒಳಗೆ ಹೋಗದಿದ್ದರೂ ನನ್ನ ಒಲೆಯದ್ದೊಂದಿಷ್ಟು ಆ ಗೋಡೆಗೆ ಹತ್ತುತ್ತದಲ್ಲ ಅಂತ ಸಮಾಧಾನ ಇತ್ತು.

ಅವರು ಹೋದದ್ದು ಎದೆನೋವಿನಿಂದ, ಒಂದೇ ಬೆಳಗಿನಲ್ಲಿ. ಹೆಚ್ಚು ಹೊತ್ತು ನರಳದೆ ಹೋದರು, ಅದು ಒಂದು ದಯೆ. ಗಂಡ ಹೋದವಳು ಮನೆಯಲ್ಲೇ ಕೂರುವ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ನಾನು ಹೊಸಿಲು ದಾಟಲಿಲ್ಲ. ಪ್ರತಿ ಶುಕ್ರವಾರ ಜುಮ್ಮಾ ಆದ ಮೇಲೆ ನಮ್ಮ ಇಮಾಮರು, ಅವರನ್ನು ನಾವು ಹಜರತ್ ಅಂತ ಕರೆಯುವುದು, ಮೈಕಿನಲ್ಲಿ ದುವಾ ಮಾಡುತ್ತಿದ್ದರು. ಅದರಲ್ಲಿ ನಮ್ಮನೆಯವರ ಹೆಸರು ಹೇಳಿ, ‘ಈ ಮಸೀದಿಯ ಗೋಡೆ ಕಾಯ್ದವರು’ ಅನ್ನುತ್ತಿದ್ದರು. ಅಡುಗೆಮನೆಯಲ್ಲಿ ನಿಂತು ಆಮೀನ್ ಅಂತಿದ್ದೆ. ಆ ವಾರ ದಾಟಿಸಲಿಕ್ಕೆ ನನಗೆ ಅಷ್ಟು ಸಾಕಾಗುತ್ತಿತ್ತು.

ಮಸೀದಿ ಸಾಲುತ್ತಿಲ್ಲ, ಒಡೆದು ದೊಡ್ಡದಾಗಿ ಕಟ್ಟಬೇಕು ಅಂತ ಮಸೀದಿಗೆ ಸೇರಿದ ಮನೆಗಳವರ ಜಮಾತಿನಲ್ಲಿ ತೀರ್ಮಾನವಾಗಿತ್ತು. ಅಳತೆಗೆ ಬಂದವರು ಟೇಪು ಎಳೆಯುವಾಗ ಮೆಹರಾಬಿನ ಬಲಗಡೆ, ಅಂದರೆ ಇಮಾಮರು ನಿಂತು ನಮಾಜು ಮಾಡಿಸುವ ಕಮಾನಿನ ಗೂಡಿನ ಬಲಗಡೆ, ಥಂಡಿಗೆ ಉಬ್ಬಿದ್ದ ಸುಣ್ಣದ ಹಕ್ಕಳೆ ಒಂದು ಕೈಯಗಲ ಕಳಚಿ ಬಿತ್ತು. ಅಡಿಯಲ್ಲಿ ಗಾರೆಯಲ್ಲಿ ಉಬ್ಬಿಸಿದ ಅಕ್ಷರ.

ಹುಡುಗರು ಉತ್ಸಾಹದಲ್ಲಿ ಕರಣೆ ತಂದು ಕೆರೆದರು. ಎರಡು ಅಕ್ಷರದ ತಲೆ ಹಾರಿತು. ಅಷ್ಟರಲ್ಲಿ ಹಜರತ್ ಬಂದು ಬೈದು ನಿಲ್ಲಿಸಿ, ಸಾಗರದಿಂದ ಶಾಸನ ಓದುವ ಮೇಷ್ಟ್ರೊಬ್ಬರನ್ನು ಕರೆಸಿದರು. ಕಾಲೇಜಿನಿಂದ ನಿವೃತ್ತರಾದವರು, ದೇವಸ್ಥಾನ, ವೀರಗಲ್ಲು ಅಂತ ತಿರುಗುವವರು. ಅವರು ಟಾರ್ಚು ಹಿಡಿದು ಸುಮಾರು ಹೊತ್ತು ನೋಡಿ, “ಕಮಾನಿನ ಸುತ್ತ ಪೂರ್ತಿ ಇದೆ ಇದು. ಬಲಗಡೆ ಬುಡದಿಂದ ಹತ್ತಿ, ಮೇಲೆ ಸುತ್ತಿ, ಎಡಗಡೆ ಬುಡಕ್ಕೆ ಇಳೀತದೆ. ಸಾಮಾನ್ಯವಾಗಿ ಮೊದಲು ದೇವರ ಮಾತು, ಕೊನೇಲಿ ಕಟ್ಟಿಸಿದವರ ಹೆಸರು,” ಅಂದರಂತೆ.

ಜಮಾತಿನ ಅಧ್ಯಕ್ಷರು ಅಡಿಕೆ ವ್ಯಾಪಾರದವರು, ಖಡಕ್ ಮನುಷ್ಯ. “ಕಟ್ಟಿಸಿದವರು ಯಾರು ಅಂತ ಪೂರ್ತಿ ಓದಿ ಹೇಳಿ ಮೇಷ್ಟ್ರೇ. ಹೆಸರು ಸಿಕ್ಕರೆ ಕಿಬ್ಲಾ ಗೋಡೆ ಹಂಗೇ ಇಟ್ಕಂಡು ಮುಂದಕ್ಕೆ ಕಟ್ತೀವಿ. ಅರ್ಧಂಬರ್ಧ ಆದ್ರೆ ಸೋರೋ ಗೋಡೆ ಉಳಿಸ್ಕಳೋಕೆ ಆಗಲ್ಲ, ಅದನ್ನೂ ಒಡೆಯೋದೇ,” ಅಂದರು. ಕಿಬ್ಲಾ ಗೋಡೆ ಅಂದರೆ ಮೆಹರಾಬು ಇರುವ, ಮಕ್ಕಾ ದಿಕ್ಕಿನ ಗೋಡೆ. ಕೆಲಸಕ್ಕೆ ಶಬೇ ಬರಾತಿನವರೆಗೆ, ಅಂದರೆ ರಂಜಾನಿಗೆ ಹದಿನೈದು ದಿನ ಮೊದಲಿನವರೆಗೆ, ಗಡುವು.

ಕೆರೆಯುವವರು ಯಾರು ಅನ್ನುವುದು ಪ್ರಶ್ನೆ. ಮೇಷ್ಟ್ರು, “ಅಕ್ಕಿ ಆರಿಸೋ ಕೈ ಬೇಕು ಇದಕ್ಕೆ, ಅಕ್ಷರವೂ ಗೊತ್ತಿರಬೇಕು,” ಅಂದಾಗ ಹಜರತ್ತಿಗೆ ನನ್ನ ನೆನಪಾಯಿತು. ನಾನು ಮನೆಯಲ್ಲಿ ಊರಿನ ಹೆಣ್ಣುಮಕ್ಕಳಿಗೆ ಅರಬಿ ಓದಲು ಕಲಿಸುವವಳು. ನಮಾಜನ್ನು ಅಷ್ಟು ದಿನ ಮದರಸಾದ ಹಾಲಿಗೆ ಸಾಗಿಸಿದರು. ಮಸೀದಿ ಬಾಗಿಲಿಗೆ ಪರದೆ ಕಟ್ಟಿದರು. ಬೆಳಗಿನ ಎಂಟರಿಂದ ಮಧ್ಯಾಹ್ನದ ಅಜಾನಿನವರೆಗೆ ನಾನು ಮತ್ತು ನನ್ನ ನಾದಿನಿ, ನಮ್ಮನೆಯವರ ತಂಗಿ, ಇಬ್ಬರೇ.

ಕೈಕಾಲು ಮುಖ ತೊಳೆದು ವುಜು ಮಾಡಿ ಕೂತೆವು. ಒಳಗೆ ನಾನು ಎಣಿಸಿದ್ದಕ್ಕಿಂತ ಚಿಕ್ಕದು. ಆರು ಮರದ ಕಂಬ, ಮೇಲೆ ಹಲಗೆಯ ಮುಚ್ಚಿಗೆ. ಒಂದೊಂದು ಹಲಗೆಯ ನಡುವೆ ಒಂದೊಂದು ತಾವರೆ ಕೆತ್ತಿದ್ದಾರೆ. ಇಂಥದ್ದೇ ತಾವರೆ ಸಾಗರದ ಕಡೆ ದೇವಸ್ಥಾನಗಳಲ್ಲಿ ಇದೆ, ಅದೇ ಆಚಾರಿಗಳ ಕೈ ಇರಬೇಕು ಅಂತ ಮೇಷ್ಟ್ರು ಹೇಳಿದ್ದರು. ನಾದಿನಿ ಕತ್ತೆತ್ತಿ ನೋಡಿ, “ಗಂಡಸರು ಸಜ್ದಾ ಮಾಡೋಕೆ ನೆಲ ನೋಡ್ತಾರೆ, ಇದನ್ನೆಲ್ಲ ಎಲ್ಲಿ ನೋಡಿರ್ತಾರೆ ಬಿಡು ಭಾಬಿ,” ಅಂದಳು.

ಮೊದಲ ದಿನವೇ ಒಂದು ತಪ್ಪು ಮಾಡಿದೆ. ತಳ ಹತ್ತಿದ ಪಾತ್ರೆಗೆ ಹಾಕುವ ಹಾಗೆ ಕುದಿಯುವ ನೀರಿನಲ್ಲಿ ಬಟ್ಟೆ ಅದ್ದಿ ಒತ್ತಿದೆ. ಸುಣ್ಣ ಚೆನ್ನಾಗಿಯೇ ಬಿಟ್ಟಿತು, ಜೊತೆಗೆ ಅಕ್ಷರದ ಸಂದಿಯಲ್ಲಿದ್ದ ಒಂದು ಪುಟ್ಟ ಎಲೆಯೂ ಕಳಚಿ ನನ್ನ ಅಂಗೈಗೆ ಬಂತು. ವೀಳ್ಯದೆಲೆ ಆಕಾರದ್ದು, ಹೆಬ್ಬೆರಳಿನ ಉಗುರಿನಷ್ಟು. ಅದನ್ನು ಸೆರಗಿನ ತುದಿಗೆ ಕಟ್ಟಿಟ್ಟುಕೊಂಡೆ. ಸಂಜೆ ಮೇಷ್ಟ್ರಿಗೆ ತೋರಿಸಿದರೆ ಅವರು ಬೈಯಲಿಲ್ಲ. “ಎಲೆ ಹೋಯ್ತು, ಅಕ್ಷರ ಉಳೀತಲ್ಲಮ್ಮ. ನಾಳೆಯಿಂದ ಮಗು ಮೀಯೋಕೆ ನೀರು ಬಿಸಿ ಮಾಡ್ತೀರಲ್ಲ, ಅಷ್ಟೇ ಬಿಸಿ,” ಅಂದರು.

ಆಮೇಲೆ ಒಂದು ಕ್ರಮ ಬಂತು. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಮಲ್ಲಿನ ಬಟ್ಟೆಯನ್ನು ಗೋಡೆಗೆ ಒತ್ತಿ ಹಿಡಿಯುವುದು. ತಸ್ಬಿ ಒಂದು ಸುತ್ತು ಮುಗಿಯುವವರೆಗೆ, ನೂರು ಮಣಿ. ಬಟ್ಟೆ ತೆಗೆದು ಬಿದಿರಿನ ಚಪ್ಪಟೆ ಕಡ್ಡಿಯಿಂದ ಅಂಚು ಎಬ್ಬಿಸುವುದು. ಕಬ್ಬಿಣ ಕೂಡದು. ಸಂದಿಗೆ ಹಳೇ ಹಲ್ಲುಜ್ಜುವ ಬ್ರಷ್ಷು. ಉದುರಿದ ಪುಡಿ ಯಾರ ಕಾಲಿಗೂ ಸಿಗಬಾರದು, ಕಿಬ್ಲಾ ಗೋಡೆಯದ್ದು. ಅದನ್ನು ಸೆರಗಿನಷ್ಟಗಲದ ಬಟ್ಟೆ ಹಾಸಿ ಹಿಡಿದು, ಚೀಲಕ್ಕೆ ತುಂಬಿ ಹಿತ್ತಲಲ್ಲಿ ಹೂಳಿಸುತ್ತಿದ್ದೆವು. ಅಕ್ಷರ ಕಾಣದಿದ್ದರೆ ನಾದಿನಿ ಬಾಗಿಲ ಹತ್ತಿರ ನಮ್ಮನೆಯ ದೊಡ್ಡ ಸ್ಟೀಲ್ ಪರಾತ ಹಿಡಿದು ಬಿಸಿಲನ್ನು ಓರೆಯಾಗಿ ಗೋಡೆಗೆ ಬಿಡುತ್ತಿದ್ದಳು. ಉಬ್ಬಿದ್ದೆಲ್ಲ ನೆರಳು ಬಿಟ್ಟು ಎದ್ದು ನಿಲ್ಲುತ್ತಿತ್ತು. ಸುಣ್ಣಕ್ಕೆ ಬೆರಳ ತುದಿ ಸುಲಿದವು. ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಬೆಳಿಗ್ಗೆಗೆ ಸರಿಯಾಗುತ್ತಿತ್ತು. ಆ ಚಳಿಗಾಲ ದಿನಾ ಒಳ್ಳೇ ಬಿಸಿಲು ಬಿತ್ತು, ದೇವರಿಗೆ ಶುಕ್ರ್.

ಸುಣ್ಣ ಪದರ ಪದರವಾಗಿ ಬರುತ್ತಿತ್ತು. ಮೇಲಿನ ಇಪ್ಪತ್ತು ಚಿಲ್ಲರೆ ಪದರ ನಮ್ಮನೆಯವರದ್ದು. ಗಂಜಿ ಹಾಕಿದ್ದಕ್ಕೆ ರೊಟ್ಟಿಯ ಹಾಗೆ ತುಂಡು ತುಂಡಾಗಿ ಏಳುತ್ತಿತ್ತು. ನೀಲಿ ಜಾಸ್ತಿ ಬಿದ್ದ ವರ್ಷದ್ದು, ಸುಣ್ಣ ಸರಿಯಾಗಿ ಅರಳದೆ ಹರಳು ಉಳಿದ ವರ್ಷದ್ದು ನನಗೆ ಗೊತ್ತಾಗುತ್ತಿತ್ತು. ಅದರ ಕೆಳಗಿನವು ಯಾರದ್ದೋ, ಹಿಟ್ಟಾಗಿ ಉದುರುತ್ತಿತ್ತು. ಅಕ್ಷರ ಸಿಗಬೇಕಾದರೆ ಮೊದಲು ನಮ್ಮನೆಯವರ ಕೈಯ ಕೆಲಸವನ್ನೇ ನಾನು ಕಿತ್ತು ತೆಗೆಯಬೇಕಿತ್ತು. ಒಂದು ತುಂಡಿನಲ್ಲಿ ಕುಂಚದ ಗೆರೆ ಹಾಗೇ ಇತ್ತು. ನಾದಿನಿ ಅದನ್ನು ಕಣ್ಣಿಗೊತ್ತಿಕೊಂಡಳು. ಇಬ್ಬರೂ ಅತ್ತು, ಮತ್ತೆ ಬಟ್ಟೆ ಅದ್ದಿದೆವು.

ಬಲಗಡೆ ಪಟ್ಟಿ ಮುಗಿಯಲು ಎರಡು ವಾರ ಹಿಡಿಯಿತು. ಅದರಲ್ಲಿದ್ದದ್ದು ಮಸೀದಿಗಳಲ್ಲಿ ಬರೆಸುವ ಕುರಾನಿನ ಆಯತ್. ನನಗೆ ಬಾಯಿಪಾಠ ಇದ್ದದ್ದರಿಂದ ಮುಂದಿನ ಅಕ್ಷರ ಎಲ್ಲಿ ಏಳಬೇಕು, ಎಲ್ಲಿ ಬಾಗಬೇಕು ಅಂತ ಮೊದಲೇ ತಿಳಿಯುತ್ತಿತ್ತು. ಅಕ್ಷರ ಒಂದರ ಮೇಲೊಂದು ಹತ್ತಿ ಕೂತಿದ್ದವು. ನೆಟ್ಟಗಿನ ಗೆರೆಗಳೆಲ್ಲ ಬೇಲಿಯ ಗೂಟದ ಹಾಗೆ ಸಮನಾಗಿ, ಸಂದಿಯಲ್ಲಿ ಬಳ್ಳಿ ಹಬ್ಬಿ. ಕಮಾನಿನ ತುದಿಯಲ್ಲಿ ಸರಪಳಿಯಿಂದ ಇಳಿಬಿಟ್ಟ ದೀಪದ ಚಿತ್ರ. ಎಡಗಡೆ ಇಳಿಯತೊಡಗಿದ ಮೇಲೆ ಭಾಷೆ ಬದಲಾಯಿತು. ಪಾರಸಿ ಇರಬೇಕು ಅಂದರು ಹಜರತ್. ದಿನದ ಕೆಲಸ ಮುಗಿದ ಮೇಲೆ ನಾನು ಎಣ್ಣೆ ಕಾಗದ ಇಟ್ಟು ಪೆನ್ಸಿಲಿನಲ್ಲಿ ಗೆರೆ ತೆಗೆಯುತ್ತಿದ್ದೆ. ಮೇಷ್ಟ್ರು ಫೋಟೋ ಹೊಡೆದು ವಿಜಯಪುರದಲ್ಲಿ ಪಾರಸಿ ಬಲ್ಲ ಒಬ್ಬರಿಗೆ ಕಳಿಸುತ್ತಿದ್ದರು.

ಎಡಗಡೆ ಬುಡಕ್ಕೆ ಮೊಳದಷ್ಟು ಉಳಿದಿದೆ ಅನ್ನುವಾಗ ಒಂದು ಶಬ್ದ ಎದ್ದಿತು. ಅದನ್ನು ಓದಲು ವಿಜಯಪುರದವರು ಬೇಕಾಗಲಿಲ್ಲ.

“ಬೀಬಿ,” ಅಂದೆ.

“ಎಂತದು?” ಪರಾತ ಹಿಡಿದಿದ್ದ ನಾದಿನಿ ಓಡಿ ಬಂದಳು.

“ಬೀಬಿ ಅಂತ ಇದೆ ಮಾರಾಯ್ತಿ. ಕಟ್ಟಿಸಿದ್ದು ಹೆಂಗಸು.”

ಅವಳು ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ನಗು ತಡೆಯಲಾಗದೆ ಕಂಬಕ್ಕೆ ಒರಗಿದಳು. “ಹಂಗಾರೆ ಇಷ್ಟು ವರ್ಷ ಈ ಗಂಡಸರು ಯಾರ ಮನೇಲಿ ನಮಾಜ್ ಮಾಡಿ ಯಾರನ್ನ ಹೊರಗೆ ನಿಲ್ಲಿಸಿದ್ರು? ಅಧ್ಯಕ್ಷರಿಗೆ ನಾನೇ ಹೇಳ್ಬೇಕು, ಮುಖ ನೋಡ್ಬೇಕು ನಂಗೆ!”

ಸಂಜೆ ವಿಜಯಪುರದಿಂದಲೂ ಅದೇ ಬಂತು: ಈ ಪುಣ್ಯದ ಮನೆಯನ್ನು ಕಟ್ಟಿಸಿದವರು ಬೀಬಿ, ಮುಂದೆ ಹೆಸರು ಬರಬೇಕು, ಕಳಿಸಿ. ಮೇಷ್ಟ್ರ ಧ್ವನಿ ಫೋನಿನಲ್ಲಿ ಹುಡುಗರ ಧ್ವನಿಯಾಗಿತ್ತು. ನನಗೂ ಆ ಹೊತ್ತು ಗೋಡೆ, ಗಡುವು ಎಲ್ಲ ಮರೆತು ಹೋಯಿತು. ನಾನು ಬಟ್ಟೆ ಒತ್ತಿ ಕೂರುವ ಜಾಗದಲ್ಲಿ ಎಂದೋ ಒಬ್ಬ ಹೆಂಗಸು ನಿಂತು, ಇಲ್ಲಿ ನನ್ನ ಹೆಸರು ಬರಲಿ ಅಂದಿದ್ದಳಲ್ಲ. ಅವಳ ಹೆಸರೇನಿರಬಹುದು ಅಂತ ನಾವಿಬ್ಬರೂ ನಮಗೆ ಗೊತ್ತಿದ್ದ ಹೆಸರೆಲ್ಲ ಹೇಳಿ ನೋಡಿದೆವು.

ಮಾರನೇ ದಿನ ಗುರುವಾರ. ಬೀಬಿ ಶಬ್ದದ ಕೆಳಗೆ ಬಟ್ಟೆ ಒತ್ತಿದೆ. ಆರು ಪದರ ಎದ್ದವು. ಏಳನೆಯದಿಲ್ಲ. ಕಡ್ಡಿ ಗಟ್ಟಿಯಾದ್ದಕ್ಕೆ ತಾಗಿ ಕಿರ್ ಅಂದಿತು. ಬೂದು ಬಣ್ಣ. ಸಿಮೆಂಟು.

ಬುಡದವರೆಗೂ ಸಿಮೆಂಟೇ. ಅಂಚನ್ನು ಹಳೇ ಗಾರೆಗೆ ಎಷ್ಟು ನಯವಾಗಿ ಸೇರಿಸಿತ್ತು ಅಂದರೆ ಕೈಯಾಡಿಸಿದರೂ ಗೊತ್ತಾಗದು. ಅಷ್ಟು ನಯ ಮಾಡುವವರು ನಮ್ಮೂರಲ್ಲಿ ಒಬ್ಬರೇ ಇದ್ದದ್ದು. ಮೇಲೆ ಆರು ಪದರ, ಅಂದರೆ ಆರು ರಂಜಾನು. ನನಗೆ ಆ ಮಳೆಗಾಲ ನೆನಪಾಯಿತು. ಮಸೀದಿಯ ಗೋಡೆ ಬುಡದಲ್ಲಿ ನೀರು ಜಿನುಗಿ ಚಾಪೆ ಒದ್ದೆಯಾಗುತ್ತಿದೆ ಅಂತ ನಮ್ಮನೆಯವರನ್ನು ಕರೆದಿದ್ದರು. ಮಧ್ಯಾಹ್ನ ಮನೆಗೆ ಬಂದವರು ತಟ್ಟೆಗೆ ಕೈ ಹಾಕದೆ ಕೂತಿದ್ದರು.

“ಸಿಮೆಂಟು ಹಿಡೀಲಿ ಅಂತ ಕಚ್ಚು ಹೊಡೀತಿದ್ದೆ. ಒಳಗೆ ಏನೋ ಬಳ್ಳಿ ತರ ಇತ್ತು ಕಣೇ. ನಿಲ್ಲಿಸಬೇಕಿತ್ತು,” ಅಂದಿದ್ದರು.

ನಾನು ಸಾರು ಬಡಿಸುತ್ತಾ, “ಸೋರೋದು ನಿಂತಿತಲ್ಲ, ಬಿಡಿ, ಊಟ ಮಾಡಿ,” ಅಂದಿದ್ದೆ. ಆಮೇಲೆ ಅವರೂ ಅದರ ಮಾತೆತ್ತಲಿಲ್ಲ, ನಾನೂ ಕೇಳಲಿಲ್ಲ.

ಕಚ್ಚು ಅಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಳೇ ಗಾರೆ ನಯವಾಗಿದ್ದರೆ ಮೇಲೆ ಹಾಕಿದ ಸಿಮೆಂಟು ಜಾರಿ ಬೀಳುತ್ತದೆ. ಅದಕ್ಕೆ ಗೋಡೆಗೆ ಉಳಿಯಿಂದ ಓರೆ ಓರೆಯಾಗಿ ಏಟು ಹಾಕಿ ತರಿ ಮಾಡುತ್ತಾರೆ. ಒಳ್ಳೇ ಕೆಲಸದವನು ಎಲ್ಲೂ ಬಿಡದೆ ಹೊಡೆಯುತ್ತಾನೆ.

ನಾದಿನಿ ಪರಾತ ಕೆಳಗಿಟ್ಟಳು. “ಭಾಬಿ, ಇದು ಅಣ್ಣನ ಕೆಲಸ.”

“ಹೂಂ.”

“ನೋಡು, ನಾನು ಹೇಳೋದು ಕೇಳು. ಇಲ್ಲಿಗೇ ಬರಹ ಮುಗೀತು ಅನ್ನು. ಬೀಬಿ ಅಂದ್ರೇ ಹೆಸರು ಅನ್ನು. ಒಂದು ಕೈ ಸುಣ್ಣ ಬಳೀತೀನಿ, ಯಾರಿಗೆ ಗೊತ್ತಾಗತ್ತೆ? ಗೋಡೆನೂ ಉಳೀತದೆ, ಅಣ್ಣನ ಮರ್ಯಾದೆನೂ ಉಳೀತದೆ. ಸತ್ತೋರನ್ನ ಊರವರ ಬಾಯಿಗೆ ಹಾಕ್ಬೇಡ.”

ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ನಿಜ ಹೇಳಿದರೆ ಗೋಡೆಯೂ ಹೋಗಬಹುದು, ಅವರ ಹೆಸರೂ ಹೋಗಬಹುದು. ಸುಳ್ಳು ಹೇಳಿದರೆ ಎರಡೂ ಉಳಿಯುತ್ತವೆ. ಹೋಗುವುದು ಯಾರೂ ಕಾಣದ, ಕೇಳಲು ಯಾರೂ ಬಾರದ ಒಬ್ಬ ಹೆಂಗಸಿನದ್ದು ಮಾತ್ರ. ನಾಳೆ ಹೇಳುತ್ತೇನೆ ಅಂತ ಬೋಗುಣಿ ಎತ್ತಿಕೊಂಡು ಬಂದುಬಿಟ್ಟೆ. ಅವತ್ತು ಪೆನ್ಸಿಲ್ ಗೆರೆ ತೆಗೆಯಲಿಲ್ಲ. ಮೇಷ್ಟ್ರ ಫೋನು ಬಂದರೆ ಎತ್ತಲಿಲ್ಲ.

ಶುಕ್ರವಾರ ಕೆಲಸವಿಲ್ಲ. ಜುಮ್ಮಾ ಮುಗಿದು ಮೈಕಿನಲ್ಲಿ ದುವಾ ಶುರುವಾಯಿತು. ಎಂದಿನಂತೆ ಅವರ ಹೆಸರು ಬಂತು. ‘ಈ ಮಸೀದಿಯ ಗೋಡೆ ಕಾಯ್ದವರು’ ಅಂದರು ಹಜರತ್. ನನ್ನ ಬಾಯಿಂದ ಆಮೀನ್ ಹೊರಡಲಿಲ್ಲ. ಊರೆಲ್ಲ ಆಮೀನ್ ಅಂದದ್ದು ಮೈಕಿನಲ್ಲಿ ಕೇಳಿಸಿತು, ನಾನೊಬ್ಬಳು ಸೌಟು ಹಿಡಿದು ನಿಂತಿದ್ದೆ. ಸುಣ್ಣ ಬಳಿದರೆ ಇನ್ನು ಮೇಲೆ ಪ್ರತಿ ಶುಕ್ರವಾರ ಹೀಗೇ ನಿಲ್ಲಬೇಕಾಗುತ್ತದೆ ಅನ್ನಿಸಿತು. ಒಲೆ ಆರಿಸಿ ಬುರ್ಖಾ ಹಾಕಿಕೊಂಡು ಅಧ್ಯಕ್ಷರ ಮನೆಗೆ ಹೋದೆ. ಹಜರತ್ ಕೂಡ ಅಲ್ಲೇ ಊಟಕ್ಕೆ ಬಂದಿದ್ದರು. ಬಾಗಿಲ ಪರದೆಯ ಈಚೆ ನಿಂತೇ ಎಲ್ಲ ಹೇಳಿದೆ. ಸಾರು ಬಡಿಸುತ್ತಾ ನಾನು ಅಂದ ಮಾತನ್ನೂ ಬಿಡಲಿಲ್ಲ.

ಒಳಗೆ ಅಧ್ಯಕ್ಷರು ತಟ್ಟೆ ಸರಿಸಿ ಎದ್ದರು. ಪರದೆಯ ಹತ್ತಿರ ಬಂದು, “ಭಾಬಿ, ನೀವು ಹೇಳದೇ ಇದ್ದಿದ್ರೆ ನಮಗ್ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ,” ಅಂದರು.

“ನಂಗೆ ಗೊತ್ತಾಗಿತ್ತಲ್ಲ ಭಾಯಿ,” ಅಂದೆ.

ಶನಿವಾರ ಮೇಷ್ಟ್ರು ಬಂದರು. ಸಿಮೆಂಟನ್ನು ನಾನೇ ತೆಗೆಯುತ್ತೇನೆ ಅಂದೆ. ಯಾರೂ ಬೇಡ ಅನ್ನಲಿಲ್ಲ. ನಮ್ಮನೆಯವರ ಕೆಲಸದ ಚೀಲದಿಂದಲೇ ಸಣ್ಣ ಉಳಿ ತಂದಿದ್ದೆ. ಮೇಷ್ಟ್ರು ಪಕ್ಕದಲ್ಲಿ ಕೂತು, ಉಳಿ ಎಷ್ಟು ಮಲಗಿಸಬೇಕು, ಎಲ್ಲಿ ತಟ್ಟಬೇಕು ಅಂತ ಹೇಳುತ್ತಿದ್ದರು. ಎರಡು ದಿನ ಹಿಡಿಯಿತು. ಎರಡು ಅಕ್ಷರ ಉಳಿದಿರಲಿ, ಹೆಸರಿನ ಮೊದಲ ಅಕ್ಷರವಾದರೂ ಇರಲಿ ಅಂತ ಒಂದೊಂದು ಏಟಿಗೂ ಬೇಡಿಕೊಂಡೆ. ಸಿಮೆಂಟಿನ ಹೋಳು ಎದ್ದಾಗ ಅಡಿಯಲ್ಲಿ ಕಂಡದ್ದು ಓರೆ ಏಟುಗಳು. ಒಂದರ ಪಕ್ಕ ಒಂದು, ಬೆರಳಗಲದ ಅಂತರ, ಎಲ್ಲ ಒಂದೇ ಆಳ. ಅವುಗಳ ನಡುವೆ ಅರ್ಧ ಎಲೆ, ಎರಡು ಚುಕ್ಕಿ, ಯಾವುದೋ ಅಕ್ಷರದ ಬಾಲ. ಅರೆಬರೆ ಕೆಲಸದವರು ಯಾರಾದರೂ ಹೊಡೆದಿದ್ದರೆ ಒಂದಷ್ಟು ಬಿಟ್ಟುಹೋಗಿರುತ್ತಿತ್ತು. ನಮ್ಮನೆಯವರು ಎಲ್ಲೂ ಬಿಟ್ಟಿರಲಿಲ್ಲ.

ಮೇಷ್ಟ್ರು ಪರಾತ ತಾವೇ ಹಿಡಿದು ಬಿಸಿಲನ್ನು ಆ ಕಡೆಯಿಂದ ಈ ಕಡೆಯಿಂದ ಬಿಟ್ಟು ನೋಡಿದರು. ವಿಜಯಪುರಕ್ಕೆ ಹತ್ತಾರು ಫೋಟೋ ಹೋದವು. ಮೂರನೇ ದಿನ ಉತ್ತರ ಬಂತು, ಓದಲಾಗದು. ಮೇಷ್ಟ್ರು ಕನ್ನಡಕ ಒರೆಸುತ್ತಾ, “ಬರೆಯುವಾಗ ‘ನಂತರದ ದುರಸ್ತಿಯಲ್ಲಿ ನಷ್ಟವಾಗಿದೆ’ ಅಂತ ಬರೀತೀನಮ್ಮ. ಯಾರು ಅಂತ ಬೇಕಾಗಿಲ್ಲ,” ಅಂದರು. ಪುಣ್ಯಾತ್ಮರು.

ಜಮಾತಿನ ಸಭೆಯಲ್ಲಿ ಏನು ಮಾತಾಯಿತು ಅಂತ ನನಗೆ ಪೂರ್ತಿ ಗೊತ್ತಿಲ್ಲ. ಹೆಸರಿಲ್ಲದ ಬರಹಕ್ಕೆ ಗೋಡೆ ಯಾಕೆ ಅಂತ ಕೆಲವರು ಎದ್ದರಂತೆ. ಅಧ್ಯಕ್ಷರೇ, “ಹೆಸರು ಕಳೆದದ್ದು ನಾವು. ಇನ್ನು ಗೋಡೆನೂ ಕಳೆಯೋದು ಬೇಡ,” ಅಂದು ಬಾಯಿ ಮುಚ್ಚಿಸಿದರಂತೆ. ಗೋಡೆ ಉಳಿಯಿತು. ಹೊಸ ಹಾಲು ಮುಂದಕ್ಕೆ ಏಳುತ್ತಿದೆ. ಎಡಗಡೆ ಬುಡದಲ್ಲಿ ಆ ತರಿ ಹಾಗೇ ಇದೆ, ಅದಕ್ಕೆ ಏನನ್ನೂ ಮೆತ್ತಬಾರದು ಅಂದಿದ್ದಾರೆ ಮೇಷ್ಟ್ರು. ನೀರು ಜಿನುಗದಂತೆ ಹೊರಗಡೆಯಿಂದ ಚರಂಡಿ ತೋಡಿಸಿದರು. ಆರು ವರ್ಷದ ಹಿಂದೆಯೂ ಹೊರಗಿನಿಂದ ತೋಡಿಸಿದ್ದರೆ ಸಾಕಾಗುತ್ತಿತ್ತೇನೋ. ಅದನ್ನು ಈಗ ಯೋಚಿಸಿ ಏನು ಮಾಡುವುದು.

ಮುಂದಿನ ಶುಕ್ರವಾರದ ದುವಾದಲ್ಲಿ ನಮ್ಮನೆಯವರ ಹೆಸರು ಬಂತು, ತೀರಿಕೊಂಡ ಉಳಿದವರ ಜೊತೆ. ಗೋಡೆ ಕಾಯ್ದವರು ಅನ್ನುವುದು ಬರಲಿಲ್ಲ. ಅವತ್ತು ಆಮೀನ್ ಅನ್ನಲಿಕ್ಕಾಯಿತು, ಕಷ್ಟಪಟ್ಟು. ನಾದಿನಿ ಎರಡು ತಿಂಗಳು ನನ್ನ ಹತ್ತಿರ ನೆಟ್ಟಗೆ ಮಾತಾಡಲಿಲ್ಲ. “ನಿಂಗೆ ಯಾವಳೋ ಬೀಬಿ ಹೆಚ್ಚಾದಳು,” ಅಂದು ಹೋದವಳು, ಈದ್ ದಿನ ತಾನಾಗಿಯೇ ಶೀರ್ ಖುರ್ಮಾ ತಂದಿಟ್ಟಳು.

ಒಂದು ದಿನ ಹಜರತ್ ಮನೆ ಬಾಗಿಲಿಗೆ ಬಂದರು. ನಾನು ಕೇಳಿದೆ, ನಮ್ಮನೆಯವರ ಈ ತಪ್ಪಿಗೆ ನಾನು ಏನು ಓದಿ ಅದರ ಪುಣ್ಯ ಅವರಿಗೆ ಬಕ್ಷಿಸಲಿ? ಹಜರತ್, “ಅಲ್ಲಾಹನ ಹಕ್ಕಿನಲ್ಲಿ ಆದ ತಪ್ಪನ್ನು ಅಲ್ಲಾಹ ಮಾಫ್ ಮಾಡ್ತಾನೆ ಬೆಹೆನ್. ಮನುಷ್ಯರ ಹಕ್ಕಿನಲ್ಲಿ ಆದದ್ದನ್ನು ಆ ಮನುಷ್ಯರೇ ಮಾಫ್ ಮಾಡಬೇಕು,” ಅಂದರು. ಅವರು ಗಡುಸಾಗಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದರು.

ಮಸೀದಿಯ ಹಿಂದೆ ಖಬರಸ್ತಾನ. ಹೆಂಗಸರು ಒಳಗೆ ಹೋಗುವುದಿಲ್ಲ. ಎದೆಮಟ್ಟದ ಮುರಕಲ್ಲಿನ ಗೋಡೆ ಇದೆ. ಸಂಜೆಯ ಅಸರ್ ನಮಾಜು ಆದ ಮೇಲೆ ಅದರ ಹೊರಗೆ ಹೋಗಿ ನಿಂತೆ. ಈಚಿನ ಗೋರಿಗಳಿಗೆ ತಗಡಿನ ಮೇಲೆ ಬಣ್ಣದಲ್ಲಿ ಹೆಸರು ಬರೆದಿದ್ದಾರೆ, ನಮ್ಮನೆಯವರದ್ದು ಎರಡನೇ ಸಾಲಿನಲ್ಲಿದೆ. ಹಿಂದಿನ ಹಳೇವಕ್ಕೆ ಬರೀ ಕಲ್ಲು. ಅದರಲ್ಲಿ ಬೀಬಿಯದ್ದು ಯಾವುದು ಅಂತ ಯಾರು ಹೇಳುತ್ತಾರೆ? ಇಲ್ಲೇ ಇದ್ದಾರೋ ಇಲ್ಲವೋ ಅದೂ ಗೊತ್ತಿಲ್ಲ. ಅದಕ್ಕೆ ಎಲ್ಲ ಕಲ್ಲಿಗೂ ಸೇರಿಸಿ ಸಲಾಂ ಹೇಳಿದೆ. ‘ಬೀಬೀ, ಅವರು ಬೇಕಂತ ಮಾಡಿದ್ದಲ್ಲ. ಚಾಪೆ ಒದ್ದೆಯಾಗ್ತದೆ ಅಂತ ಮಾಡಿದರು. ಅವತ್ತು ಊಟ ಮಾಡಲಿಲ್ಲ. ಬಿಡಿ ಅಂದವಳು ನಾನು. ಇಬ್ಬರನ್ನೂ ಮಾಫ್ ಮಾಡಿ,’ ಅಂದೆ.

ಮೇಯಲು ಬಂದ ಒಂದು ಆಡನ್ನು ಓಡಿಸಿ ಗೇಟಿನ ಚಿಲಕ ಹಾಕಿದೆ. ಬೀಬಿಯೂ ನಮ್ಮನೆಯವರೂ ಒಂದೇ ಗೋಡೆಯ ಒಳಗೆ ಮಲಗಿದ್ದರೆ, ನನಗಿಂತ ಮೊದಲೇ ನಮ್ಮನೆಯವರು ಮಾಫಿ ಕೇಳಿಕೊಂಡಿರಬಹುದು. ಅವರು ತಪ್ಪು ಮಾಡಿದರೆ ಮುಚ್ಚಿಟ್ಟುಕೊಂಡು ನಿದ್ದೆ ಮಾಡುವ ಜನ ಆಗಿರಲಿಲ್ಲ. ಆ ಮಳೆಗಾಲದ ಮಧ್ಯಾಹ್ನ ನನ್ನ ಹತ್ತಿರವೂ ಹೇಳಲಿಕ್ಕೇ ಬಂದಿದ್ದರು.